ಬಿಡಿಸಲು ಹೋದವನು

ಮಹೆಬೂಬನ ಗುದ್ದಲಿ ಕುಣಿಯೊಳಗೆ ಏನಕ್ಕೋ ಬಡಿದು ಟಕ್ಕೆಂದಿತು. ಕೈಹಾಕಿ ಎಳೆದರೆ ತಿರುಚಿದ ಉದ್ದನೆಯ ಕೋಡು. ಅದರ ಬೆನ್ನಿಗೇ ಜಿಂಕೆಯ ಬುರುಡೆ.

ಜಾಲಿಯ ನೆರಳಿನಲ್ಲಿ ಕೂತಿದ್ದ ಸಖುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಈ ಗಿಡದ ಬಡ್ಡಿಗೇ ಮಣ್ಣು ಮಾಡಿರೆಂದು ಹೇಳಿ ಗಂಡ ಭೀಮಶಾ ಕಣ್ಣು ಮುಚ್ಚಿದ್ದ. ಆಚೆ ಮಗ್ಗುಲಿಗೆ ಅಗೆಯಲಪ್ಪಾ ಎಂದು ಅವಳು ಮುಂಜಾನೆಯಿಂದ ದೇವರನ್ನು ಬೇಡಿಕೊಂಡಿದ್ದಳು. ಆಚೆಗೆ ಬರೀ ಬಂಡೆ.

"ಚಿಗರಿ!" ಪಕ್ಕದ ಹೊಲದ ವೈಜನಾಥ ಬಗ್ಗಿ ನೋಡಿದ. "ಇಡೀ ಮೋರಖಂಡಿಗೆ ಇವನೊಬ್ಬ ಸಂಭಾವಿತ ಅಂತಿದ್ವಿ. ಕದ್ದು ಹೊಡದು ಹೂತಾನಲ್ಲ!"

"ಸಾವ್ಕಾರ್ರ, ಬಕ್ರೀದಿಗೆ ನನಗ ಕುರಿ ಕೊಟ್ಟು ಅಕಡಿ ಹೊಳ್ಳಿ ಕಣ್ಣ ಒರಸ್ಕೋತಿದ್ದ ಅಂವ," ಎಂದ ಮಹೆಬೂಬ. "ಬ್ಯಾಟಿ ಆಡವ್ರು ಹಾಂಗ ಇರತಾರೇನ್ರಿ?"

"ಹಾಂಗಾರ ಇದು ತಾನೇ ನೆಲದಾಗ ಹೊಕ್ಕದೇನು? ಜಂಗಲ್ ಖಾತೆಯವರಿಗೆ ತಿಳೀಲಿ, ಆವಾಗ ಗೊತ್ತಾಗ್ತದ. ಕಳ್ಳಗ ಹೆಗಲ ಕೊಡಾಕತ್ತಾರ ಮಂದಿ."

ಹೆಣ ಹೊತ್ತವರು ಹಳ್ಳ ದಾಟುತ್ತಿದ್ದರು. ಮುಂದೆ ಮಗ ದತ್ತಾತ್ರಿ. ಅಪ್ಪ ಕಳ್ಳನೆಂಬ ಮಾತು ಅವನ ಕಿವಿಗೆ ಬೀಳುವುದರೊಳಗೆ ಸಖುಬಾಯಿ ಬಾಯಿ ಬಿಡಬೇಕಿತ್ತು.

* * *

ಹನ್ನೆರಡು ವರ್ಷದ ಹಿಂದೆ, ಭೂಕಂಪವಾದ ಮರುವರ್ಷ. ತೊಗರಿ ಕೊಯ್ದ ಹೊಲದಲ್ಲಿ ಎರಡು ಗಂಡು ಚಿಗರಿಗಳು ಕಾದಾಡುತ್ತಿದ್ದವು. ಒಂದು ಕಪ್ಪನೆಯದು, ಮೈತುಂಬಿದ್ದು. ಇನ್ನೊಂದು ಎಳೆಯದು, ಮೊಣಕಾಲೂರಿ ಬಿಟ್ಟಿತ್ತು, ಕಿವಿಯಿಂದ ನೆತ್ತರು.

"ಅಡವಿಯವು. ಅವುಗಳ ಜಗಳ ಅವೇ ಮುಗಿಸ್ಕೋತಾವ," ಎಂದ ಭೀಮಶಾ.

"ನಿಮ್ಮ ಟಗರ ಕಾದಿದ್ರ ಉಣ್ಣೋದು ಬಿಟ್ಟು ಓಡ್ತೀರಿ. ಇದಕ್ಕೇನು ಜೀವ ಇಲ್ಲೇನ್ರಿ? ಹೋಗ್ರಿ, ಬಿಡಸ್ರಿ!" ಎಂದು ದೂಡಿದಳು ಸಖುಬಾಯಿ.

ಹೋದ. ಟಗರುಗಳ ನಡುವೆ ಬೀಸುವಂತೆಯೇ ಹೆಗಲ ಕಂಬಳಿ ಬೀಸಿದ. ಟಗರಿಗಾದರೆ ಕಂಬಳಿಯ ವಾಸನೆಯೇ ಒಡೆಯ, ಚಿಗರಿಗೇನು ಗೊತ್ತು? ಕಪ್ಪನೆಯದು ಬೆದರಿ ಇವನತ್ತ ಕತ್ತು ಹೊರಳಿಸಿತು. ಅಷ್ಟೇ ಸಾಕಾಯಿತು. ಎಳೆಯದು ಎದ್ದು ಅದರ ಪಕ್ಕೆಗೆ ಕೋಡು ಇಳಿಸಿ ಓಡಿಹೋಯಿತು.

ಕಪ್ಪನೆಯದು ಹೊತ್ತಿಳಿಯುವತನಕ ಸಾಯುತ್ತ ಬಿದ್ದಿತ್ತು. ಕಣ್ಣು ಮಾತ್ರ ಕಂಬಳಿಯ ಮೇಲೆ. ಜಾಲಿಯ ಬಡ್ಡಿಗೆ ಹೂತವರು ಗಂಡ ಹೆಂಡತಿ ಇಬ್ಬರೇ.

ಅಂದಿನಿಂದ ಭೀಮಶಾ ಎಂಥ ಚಳಿಗೂ ಕಂಬಳಿ ಹೊದೆಯಲಿಲ್ಲ. ತನ್ನ ಟಗರುಗಳೇ ಕಾದರೂ ಬೆನ್ನು ತಿರುಗಿಸಿ ನಿಲ್ಲುವನು. ಉಣ್ಣುತ್ತ ಕೂತವನು ತುತ್ತು ಹಿಡಿದುಕೊಂಡೇ, "ನಾ ಹೋಗದಿದ್ರ ಯಾವುದು ಸಾಯತಿತ್ತು, ಸಖು?" ಎನ್ನುವನು. ಹನ್ನೆರಡು ವರ್ಷ ಇದೇ ಮಾತು. ನೀನೇ ಕಳಿಸಿದಿ ಎಂದು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಅವಳು ಹಗುರಾಗುತ್ತಿದ್ದಳು.

* * *

"ಅವ್ರು ಹೊಡದಿಲ್ರಿ," ಎಂದಳು ಸಖುಬಾಯಿ. "ಬಿಡಸಾಕ ಹೋಗಿದ್ರು. ಅವ್ರು ಬ್ಯಾಡ ಅಂದ್ರು, ನಾನೇ ದೂಡಿ ಕಳಿಸೀನಿ." ಉಳಿದದ್ದನ್ನೂ ಹೇಳಿದಳು, ಮಣ್ಣು ನೋಡುತ್ತ.

ಮಹೆಬೂಬ ಮುಖ ಒರೆಸಿಕೊಂಡ. "ಸಣ್ಣದು ಸಾಯೋದು ನೋಡ್ಕೋತ ಹ್ಯಾಂಗ ನಿಂದರಬೇಕು, ಭಾಬಿ?"

"ದೊಡ್ಡದೇನು ತಪ್ಪು ಮಾಡಿತ್ತೋ ಭಾಯಿ?"

ವೈಜನಾಥ ತಲೆಯ ಟೊಪ್ಪಿಗೆ ತೆಗೆದ. "ಅದನ್ನ ಮಗ್ಗಲಿಗೆ ಸರಸು, ಮಹೆಬೂಬ. ಇಬ್ಬರಿಗೂ ಜಾಗ ಆಗ್ತದ."

ಮಹೆಬೂಬ ಬುರುಡೆ ಸರಿಸಿ ಮೇಲೆ ಮಣ್ಣೆಳೆಯುವಷ್ಟರಲ್ಲಿ ದತ್ತಾತ್ರಿ ಏದುಸಿರು ಬಿಡುತ್ತ ಬಂದ. "ಯಾಕ ಕಾಕಾ, ಇನ್ನಾ ಆಗಿಲ್ಲೇನು?"

"ಕಲ್ಲು ಹತ್ತಿತ್ತಪಾ," ಎಂದ ವೈಜನಾಥ. "ತೆಗದ್ವಿ."

ಭೀಮಶಾನನ್ನು ಇಳಿಸಿದರು. ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿ ಸರಿದರು. ಸಖುಬಾಯಿಯೂ ಬಗ್ಗಿ ಹಿಡಿ ತುಂಬಿಕೊಂಡು ಕೈ ಚಾಚಿದಳು. ಮುಷ್ಟಿ ಬಿಚ್ಚಲಿಲ್ಲ.

"ಅತ್ತಿ, ಬಿಡ್ರಿ," ಎಂದಳು ಸೊಸೆ ಶೀತಲ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ. ಎರಡನೆಯದನ್ನು ಬಿಡಿಸುವುದರೊಳಗೆ ಮೊದಲನೆಯದು ಮತ್ತೆ ಮಡಚಿಕೊಳ್ಳುತ್ತಿತ್ತು.