ಕೆಳಗಿನಿಂದ ಬಿಗಿದ ಆರು ಸ್ಕ್ರೂ

ಆರ್ನೆಲ್‌ನ ಹೆಂಡತಿ ಇಸ್ಮಿ ಬಿದ್ದದ್ದು ಏಪ್ರಿಲ್ ತಿಂಗಳಲ್ಲಿ, ಅವರ ಮನೆಯ ಮುಂದಿನ ಐದು ಮೆಟ್ಟಿಲ ಮೇಲೆ. ಇಬ್ಬರೂ ಚರ್ಚಿಗೆ ಹೊರಟಿದ್ದರು. ಕಾಲು ಜಾರಿದಾಗ ಆಕೆ ಗಂಡನ ಬಲಗೈ ಹಿಡಿದುಕೊಂಡಳು. ಆ ಕೈಗೆ ಹಿಂದಿನ ವರ್ಷವೇ ಲಕ್ವ ಹೊಡೆದಿತ್ತು, ಹಿಡಿತವಿರಲಿಲ್ಲ. ಇಬ್ಬರೂ ಉರುಳಿದರು, ಸೊಂಟದ ಮೂಳೆ ಮುರಿದದ್ದು ಆಕೆಯದು. ಎದುರುಮನೆಯಿಂದ ಓಡಿ ಹೋಗಿ ಎತ್ತಿದವನು ನಾನು. ಆರ್ನೆಲ್ ತನ್ನ ಕೈಯನ್ನೇ ನೋಡುತ್ತ ಕೂತಿದ್ದ. ಅದು ಇನ್ನೂ ನನ್ನ ಕಣ್ಣಿಗೆ ಕಟ್ಟಿದೆ.

ಆರು ವಾರ ಆಕೆ ಕಡಲಾಚೆಯ ಕಿಂಗ್ಸ್‌ಟೌನ್ ಪಟ್ಟಣದಲ್ಲಿದ್ದಳು, ಮೊದಲು ಆಸ್ಪತ್ರೆಯಲ್ಲಿ, ಆಮೇಲೆ ಅಕ್ಕ ಎನಿಡ್‌ಳ ಮನೆಯಲ್ಲಿ. ಒಂದು ದಿನ ಎನಿಡ್ ಫೋನ್ ಮಾಡಿ ಕಡ್ಡಿ ಮುರಿದ ಹಾಗೆ ಹೇಳಿದಳು:

"ಶನಿವಾರ ಮಧ್ಯಾಹ್ನದ ಹಡಗಿಗೆ ಕರ್ಕೊಂಡು ಬರ್ತೀನಿ. ಮೆಟ್ಟಿಲಿಗೆ ಗಟ್ಟಿ ರೇಲಿಂಗ್ ಇದ್ರೆ ಬಿಟ್ಟು ಹೋಗ್ತೀನಿ. ಇಲ್ಲಾಂದ್ರೆ ಐದು ಗಂಟೆ ಹಡಗಿಗೆ ವಾಪಸ್. ನಿನ್ನ ಕೈ ನಂಬ್ಕೊಂಡು ನನ್ನ ತಂಗೀನ ಬಿಡಕ್ಕಾಗಲ್ಲ ಆರ್ನೆಲ್."

ಆರ್ನೆಲ್ ನಮ್ಮ ಬೆಕ್ವೆ ದ್ವೀಪದಲ್ಲಿ ಹೆಸರಾದ ದೋಣಿ ಬಡಗಿ. ಅವನ ಕೈಕೆಳಗೆ ನಾನು ನಲವತ್ತು ವರ್ಷ ಕೆಲಸ ಮಾಡಿದವನು. ಸಹಾಯಕ್ಕೆ ಹೋದರೆ, "ಕಂಬಕ್ಕೆ ಗುಂಡಿ ತೋಡೋದು ಕತ್ತೆ ಕೆಲಸ, ಅದನ್ನ ನೀನು ಮಾಡು ಹಡ್ಲಿ. ಸ್ಕ್ರೂ ಮಾತ್ರ ಮುಟ್ಟಬೇಡ," ಎಂದ.

ನಾನು ಎರಡು ಕಂಬ ನೆಟ್ಟೆ. ಅವನು ತನ್ನ ಹಳೆಯ ದೋಣಿಯ ಉದ್ದನೆಯ ಹುಟ್ಟಿನ ಅಲಗನ್ನು ಕೊಯ್ದು ಹಾಕಿ, ಹಿಡಿಕೆಯ ಕೋಲನ್ನು ಮಾತ್ರ ಉಳಿಸಿಕೊಂಡ. ಅಷ್ಟು ನುಣುಪಾದ ಮರ ಅಂಗಡಿಯಲ್ಲಿ ಸಿಗುವುದಿಲ್ಲ. ಕಂಬಗಳ ತಲೆಗೆ ಒಂದೊಂದು ಅಡ್ಡಪಟ್ಟಿ, ಪಟ್ಟಿಯ ಮೇಲೆ ಕೋಲು. ಸ್ಕ್ರೂ ಬರುವುದು ಕೆಳಗಿನಿಂದ, ಒಂದೊಂದು ಪಟ್ಟಿಗೆ ಮೂರು. ಮೇಲಿನಿಂದ ಹೊಡೆದರೆ ಹಿಡಿಯುವ ಅಂಗೈಗೆ ಸ್ಕ್ರೂ ತಲೆ ತಾಗುತ್ತದೆ ಎಂಬುದು ಅವನ ಹಟ.

ಕೆಳಗಿನಿಂದ ಸ್ಕ್ರೂ ಹಾಕಲು ಎರಡು ಕೈ ಬೇಕು. ಒಂದು ಸ್ಕ್ರೂ ಹಿಡಿಯಬೇಕು, ಇನ್ನೊಂದು ತಿರುಗಿಸಬೇಕು. ಇದಕ್ಕೆಂದೇ ಅವನ ಅಣ್ಣನ ಮಗಳು ವರ್ಲಿನ್ ಬ್ಯಾಟರಿಯ ಸ್ಕ್ರೂಡ್ರೈವರನ್ನೂ ಅದರ ಮೂತಿಗೆ ಸಿಕ್ಕಿಸುವ ಒಂದು ಡಬ್ಬಿ ಮ್ಯಾಗ್ನೆಟ್ ಬಿಟ್‌ಗಳನ್ನೂ ಕಳಿಸಿದ್ದಳು. ಬಿಟ್‌ನ ತುದಿಗೆ ಸ್ಕ್ರೂ ತಾನೇ ಅಂಟಿಕೊಂಡು ನಿಲ್ಲುತ್ತದೆ. ಜೊತೆಗೆ ಬಂದಿದ್ದ ನಾಲ್ಕು ಸ್ಕ್ರೂ ಇಟ್ಟುಕೊಂಡು ಆರ್ನೆಲ್ ವಾರವಿಡೀ ಹಳೆಯ ಹಲಗೆಯೊಂದರ ಅಡಿಗೆ ಎಡಗೈಯಲ್ಲಿ ಹೊಡೆದ, ಬಿಚ್ಚಿದ, ಮತ್ತೆ ಹೊಡೆದ. ನಾಲ್ಕರ ತಲೆಯೂ ಸವೆದು ಹೋಯಿತು.

"ನೋಡೋ," ಎಂದ ಶುಕ್ರವಾರ. "ನಿನಗಿಂತ ಚೆನ್ನಾಗಿ ಹಿಡ್ಕೊಳ್ಳುತ್ತೆ. ಬಾಯೂ ಇಲ್ಲ ಇದಕ್ಕೆ."

ಶನಿವಾರ ಬೆಳಿಗ್ಗೆ ಕೋಲನ್ನು ಪಟ್ಟಿಗಳ ಮೇಲಿಟ್ಟು, ಹಗ್ಗದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಿಗಿಯಾಗಿ ಕಟ್ಟಿದ. ತೂತನ್ನೂ ಅವನೇ ಕೊರೆದ. ಆಮೇಲೆ ಮೆಟ್ಟಿಲ ಮೇಲೆ ಅಂಗಾತ ಮಲಗಿ, ತನ್ನ ಹಿತ್ತಾಳೆ ಸ್ಕ್ರೂಗಳ ಡಬ್ಬಿಯನ್ನು ಹೊಟ್ಟೆಯ ಮೇಲಿಟ್ಟುಕೊಂಡ. ಒಂದನ್ನು ಬಿಟ್‌ಗೆ ಸೇರಿಸಿ ಮೇಲೆತ್ತಿದ.

ಅದು ಅವನ ಮೂಗಿನ ಮೇಲೆ ಬಿತ್ತು. ಎರಡನೆಯದು ಕತ್ತಿನ ಸಂದಿಗೆ ಹೋಯಿತು.

"ಈ ಬಿಟ್ ಕೆಟ್ಟಿದೆ ಮಾರಾಯ. ನಿನ್ನೆ ಸರಿಯಿತ್ತು."

ನನಗೂ ಒಂದು ಗಳಿಗೆ ತಲೆ ಓಡಲಿಲ್ಲ. ಆಮೇಲೆ ಹೇಳಿದೆ: "ಆರ್ನೆಲ್, ನಿನ್ನೆಯದು ಕಬ್ಬಿಣ. ಇದು ಹಿತ್ತಾಳೆ."

ಅವನು ಮಲಗಿದಲ್ಲೇ ಸ್ಕ್ರೂಡ್ರೈವರನ್ನು ಎದೆಯ ಮೇಲಿಳಿಸಿದ. ಅಯಸ್ಕಾಂತ ಹಿತ್ತಾಳೆಯನ್ನು ಎಳೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಐವತ್ತು ವರ್ಷದಿಂದ ಕೆಲಸ ಅಂದರೆ ಅವನ ಕೈ ಹಿತ್ತಾಳೆ ಡಬ್ಬಿಗೇ ಹೋಗುತ್ತಿತ್ತು. ನಮ್ಮ ಕಡಲ ಗಾಳಿಗೆ ಕಬ್ಬಿಣ ಎರಡೇ ವರ್ಷದಲ್ಲಿ ಬಿಸ್ಕತ್ತಿನ ಹಾಗೆ ಉದುರುತ್ತದೆ. ಅವನ ಮನೆಯ ಬಾಗಿಲು, ಕಿಟಕಿ, ಕೋಳಿಗೂಡಿನ ಚಿಲಕ, ಎಲ್ಲ ಹಿತ್ತಾಳೆಯದೇ.

"ನಾನು ಹಿಡ್ಕೋತೀನಿ," ಎಂದೆ. "ಆರೇ ಸ್ಕ್ರೂ. ನೀನು ತಿರುಗಿಸು."

"ಬೇಡ."

"ಹಡಗು ಬರೋಕೆ ಇನ್ನು ಮೂರು ಗಂಟೆಯೂ ಇಲ್ಲ."

"ಹಡ್ಲಿ, ಅವಳು ನನ್ನನ್ನ ಹಿಡ್ಕೊಂಡ್ಲು. ನಾನು ಹಿಡೀಲಿಲ್ಲ. ಇದನ್ನೂ ನೀನೇ ಹಿಡಿದ್ರೆ ನಾನು ಈ ಮನೇಲಿ ಯಾಕಿರಬೇಕು ಹೇಳು."

ಬಿದ್ದ ಸ್ಕ್ರೂಗಳನ್ನು ಆಯ್ದು ಡಬ್ಬಿಗೆ ಹಾಕಿದೆ. ಬಿಸಿಲೇರಿತು. ಅವನು ಆಕಾಶ ನೋಡುತ್ತಲೇ ಕೇಳಿದ:

"ನಿನ್ನ ಹಂದಿಗೂಡು ಯಾವ ಸ್ಕ್ರೂ ಮೇಲೆ ನಿಂತಿದೆ?"

"ಕಬ್ಬಿಣದ್ದು. ಎರಡು ಸಲ ಬಿದ್ದಿದೆ."

"ಸ್ಕ್ರೂ ಉಳಿದಿದೆಯಾ?"

ಎಂಬತ್ತೊಂದನೇ ಇಸವಿಯಲ್ಲಿ ಹಿತ್ತಾಳೆ ಮುಗಿದಾಗ ನಾನು ಒಂದು ದೋಣಿಯ ಹಲಗೆಗೆ ಮೂರು ಕಬ್ಬಿಣದ ಸ್ಕ್ರೂ ಹಾಕಿ ಮೇಲೆ ಬಣ್ಣ ಬಳಿದಿದ್ದೆ. ಅವನು ಎಲ್ಲರೆದುರಿಗೆ ಬಿಚ್ಚಿಸಿದ್ದ. ಆಮೇಲೆ ನಲವತ್ತು ದಿನದ ಉಪವಾಸ ಮುಗಿದು ಈಸ್ಟರ್ ಬರುವವರೆಗೂ ನನ್ನ ಜೊತೆ ಮಾತಾಡಿರಲಿಲ್ಲ. ಅದನ್ನು ಈಗ ಎತ್ತಿ ಆಡಬಹುದಿತ್ತು. ಆಡಲಿಲ್ಲ. ಮನೆಗೆ ಹೋಗಿ ಸ್ಕ್ರೂ ತಂದೆ.

ಮೊದಲನೆಯದನ್ನು ಬಿಟ್‌ಗೆ ತೋರಿಸಿದ್ದೇ ತಡ, ಟಕ್ಕೆಂದು ಕೂತಿತು. ಅವನು ಕೈ ಎತ್ತಿದ. ಸ್ಕ್ರೂ ಬೀಳಲಿಲ್ಲ. ತೂತು ಹುಡುಕಿ, ತುದಿ ಇಟ್ಟು, ಗುಂಡಿ ಒತ್ತಿದ. ಆರೂ ಮುಗಿಯುವ ಹೊತ್ತಿಗೆ ಅವನ ಮುಖವೆಲ್ಲ ಮರದ ಹುಡಿ. ನಾನು ಕೈಕಟ್ಟಿಕೊಂಡು ಕೂತಿದ್ದೆ. ಆ ದಿನ ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಲಿಲ್ಲ.

ಟ್ಯಾಕ್ಸಿ ಬಂತು. ಇಸ್ಮಿ ಬಹಳ ಸೊರಗಿದ್ದಳು. ಎನಿಡ್ ಮೊದಲು ಇಳಿದು ರೇಲಿಂಗಿನ ಕೋಲನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದಳು. ಅಲ್ಲಾಡಲಿಲ್ಲ.

"ಹಡ್ಲಿ ಹಾಕಿದ್ನಾ?" ಎಂದು ಇಸ್ಮಿ ಕೇಳಿದಳು.

"ನಾನೇ," ಎಂದ ಆರ್ನೆಲ್. "ಒಳಗಿರೋದು ಕಬ್ಬಿಣ. ಎರಡು ವರ್ಷ ಬರಬಹುದು, ಅಷ್ಟೇ. ಆಮೇಲೆ ಬದಲಾಯಿಸಬೇಕು."

ಇಸ್ಮಿ ಅವನ ಮುಖವನ್ನು ದಿಟ್ಟಿಸಿದಳು. "ನೀನು ಕಬ್ಬಿಣ ಹಾಕಿದ್ಯಾ," ಎಂದಳು, ಮೆಲ್ಲಗೆ.

ಊರುಗೋಲನ್ನು ಅಕ್ಕನ ಕೈಗಿತ್ತು ರೇಲಿಂಗ್ ಹಿಡಿದಳು. ಒಂದು ಮೆಟ್ಟಿಲು, ನಿಂತಳು. ಎರಡು. ಮೂರನೆಯದರಲ್ಲಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಉಸಿರು ಎಳೆದುಕೊಂಡಳು. ಆರ್ನೆಲ್ ಒಂದು ಮೆಟ್ಟಿಲು ಕೆಳಗೆ, ಅವಳನ್ನು ಮುಟ್ಟದೆ ನಿಂತಿದ್ದ.

"ಎನಿಡ್, ನನ್ನ ಚೀಲ ಒಳಗಿಡು," ಎಂದಳು ಇಸ್ಮಿ, ತಿರುಗಿ ನೋಡದೆ. "ನೀನಿನ್ನು ಹೊರಡು, ಐದು ಗಂಟೆ ಹಡಗು ತಪ್ಪುತ್ತೆ."