ಮುಷ್ಟಿಗಣ್ಣಿನ ಬಲೆ

ಒಂದಾನೊಂದು ಕಾಲದಲ್ಲಿ, ಮೊಲಗಳಿಗೂ ಮನುಷ್ಯರಿಗೂ ಒಂದೇ ಗುಡ್ಡ ಸಾಕಾಗುತ್ತಿದ್ದಾಗ, ಒಂದು ಬಲೆ ಹುಟ್ಟಿತಂತೆ. ಆ ಬಲೆ ನಾನೇ.

ನನ್ನನ್ನು ಹೆಣೆದವನು ಕೊಪ್ಪಳ ಸೀಮೆಯ ಕನಕಪ್ಪ. ಪುಂಡಿ ಗಿಡದ ನಾರನ್ನು ತೊಡೆಯ ಮೇಲೆ ಹೊಸೆದು ಹುರಿ ಮಾಡಿದ. ಗಂಟು ಹಾಕಿದಂತೆಲ್ಲ ನನ್ನ ಕಣ್ಣುಗಳಲ್ಲಿ ತನ್ನ ಮುಷ್ಟಿ ತೂರಿಸಿ ನೋಡುತ್ತಿದ್ದ. ಮುಷ್ಟಿ ದಾಟಿದರೆ ಮರಿಮೊಲವೂ ದಾಟುತ್ತದೆ, ಬಲಿತದ್ದು ಮಾತ್ರ ನಿಲ್ಲುತ್ತದೆ. ಗುಡ್ಡದ ಬುಡಕ್ಕೆ ಬೇಟೆ ನಿಷೇಧದ ಸರಕಾರಿ ಬೋರ್ಡು ಬರುವ ಮೊದಲು ನನ್ನ ಕಣ್ಣೇ ಅಲ್ಲಿಯ ಕಾನೂನು.

ಯುಗಾದಿಯ ಮರುದಿನ ಗಂಡಸರು ನನ್ನನ್ನು ಹೊತ್ತು ಬೇಟೆಗೆ ಹೋಗುತ್ತಿದ್ದರು. ಬರಿಗೈಲಿ ಬಂದರೆ ಹೆಂಗಸರು ಊರ ಅಗಸಿ ಬಾಗಿಲಲ್ಲಿ ಅಡ್ಡ ನಿಂತು ಬಳೆ ಚಾಚುವರು. "ತೊಡ್ರಿ. ಮೊಲಾನ ನಿಮಗಿಂತ ಗಂಡಸು."

ಮೊಲ ಕಡಿಮೆಯಾದಂತೆ ಬಳೆಯ ಹೆದರಿಕೆ ಬೆಳೆಯಿತು. ಕನಕಪ್ಪನ ಮಗ ನಾಗಪ್ಪ ನೈಲಾನ್ ದಾರ ತಂದು ನನ್ನ ಒಂದೊಂದು ಕಣ್ಣನ್ನೂ ಸಣ್ಣದು ಮಾಡಿದ. ಆ ವರ್ಷ ನನ್ನೊಳಗೆ ಸಿಕ್ಕಿದ್ದು ಮರಿಗಳೇ. ಅವುಗಳ ಎದೆ ಬಡಿತ ನನ್ನ ಗಂಟುಗಳಿಗೆ ಇಳಿಯಿತು.

ಹಾಸಿಗೆ ಹಿಡಿದಿದ್ದ ಕನಕಪ್ಪ ನನ್ನನ್ನು ತರಿಸಿಕೊಂಡು ಮುಷ್ಟಿ ತೂರಿಸಿದ. ಹೋಗಲಿಲ್ಲ.

"ಗಾಳೆವ್ವಾ, ಇದರ ಕಣ್ಣು ತೆರಿಬೇಕವ್ವಾ," ಎಂದ ಸೊಸೆಗೆ.

"ತೆರೀತೀನಿ, ಮಾವ."

ಅವನು ತೀರಿಕೊಂಡ ಮೇಲೆ ಗಾಳೆವ್ವ ಕುಡುಗೋಲು ಹಿಡಿದು ನನ್ನ ಬಳಿ ಕೂತಳು. ನಾಗಪ್ಪ ಕುಡುಗೋಲು ಕಸಿದುಕೊಂಡ. "ಅಗಸ್ಯಾಗ ಬಳಿ ತೊಡಾಂವ ನಾನು. ನೀನಲ್ಲ."

ಬಿಗಿದ ಗಂಟು ನನ್ನಲ್ಲಿಲ್ಲ, ಅಗಸಿಯಲ್ಲಿದೆ ಎಂದು ಅವಳಿಗೆ ಅಂದೇ ಹೊಳೆದಿರಬೇಕು.

ಮರುವರ್ಷದ ಯುಗಾದಿ ಹತ್ತಿರವಾದಾಗ ನಾನು ಬಿಸಿಲಿಗೆ ಕಟ್ಟೆಯ ಮೇಲೆ ಹರಡಿಕೊಂಡಿದ್ದೆ. ಹೆಂಗಸರು ಅಲ್ಲೇ ಜೋಳ ಹಸನು ಮಾಡುತ್ತಿದ್ದರು. ಗಾಳೆವ್ವನ ಮಗಳು ಓದಿದ್ದನ್ನು ಹೇಳುತ್ತಿದ್ದಳು: ಕೀನ್ಯಾ ದೇಶದಲ್ಲಿ ಬೇಟೆಯೇ ಬಂದ್ ಅಂತೆ, ಜರ್ಮನಿಯಲ್ಲಿ ಬೇಟೆಯಾಡಲು ಪರೀಕ್ಷೆ ಪಾಸಾಗಬೇಕಂತೆ.

"ಪರೀಕ್ಷಾ?" ಪಕ್ಕದ ಮನೆಯ ಹುಲಿಗೆವ್ವ ನಕ್ಕಳು. "ನಮ್ಮೋರು ಅದ್ರಾಗೂ ಕಾಪಿ ಹೊಡೀತಾರ."

"ನಗಬ್ಯಾಡ, ಅಕ್ಕಾ. ಅಲ್ಲಿ ಸರಕಾರ ತಡೀತೈತಿ, ಇಲ್ಲೂ ತಡೀತೈತಿ. ಸಿಕ್ರ ಜೈಲು," ಎಂದಳು ಗಾಳೆವ್ವ. "ಆದ್ರ ಕಳಸೋರು ಯಾರು? ಬಳಿ ಹಿಡಕೊಂಡು ನಿಲ್ಲೋರು ನಾವ."

ಹುಲಿಗೆವ್ವ ಮೊರ ಕೆಳಗಿಟ್ಟಳು.

"ಬಳಿ ಹಿಡೀಲಿಲ್ಲಂದ್ರ ನಮ್ಮ ಅತ್ತಿ ನನ್ನ ಮನಿ ಹೊರಗ ಹಾಕ್ತಾಳ," ಎಂದಳು ಹುಲಿಗೆವ್ವ.

"ನಮ್ಮನ್ಯಾಗ ಬಂದಿರು," ಎಂದಳು ಗಾಳೆವ್ವ.

ಬೇಟೆಯ ದಿನ ಬಂತು. ಗಂಡಸರು ಗುಡ್ಡವೆಲ್ಲ ಸೋಸಿದರು. ಒಂದು ಕಿವಿಯೂ ಅಲ್ಲಾಡಲಿಲ್ಲ. ಸಂಜೆ ನನ್ನನ್ನು ಹೊತ್ತ ನಾಗಪ್ಪ ತಲೆ ತಗ್ಗಿಸಿ ಅಗಸಿಗೆ ಬಂದು ಕೈ ಮುಂದೆ ಚಾಚಿದ.

ಯಾರೂ ಅಡ್ಡ ನಿಂತಿರಲಿಲ್ಲ. ಹೆಂಗಸರು ಅಗಸಿಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಹುಲಿಗೆವ್ವನೂ ಇದ್ದಳು, ಅವಳ ಅತ್ತೆಯೂ.

"ಬಳಿ ಎಲ್ಲಿ?" ಎಂದ ನಾಗಪ್ಪ.

"ನಮ್ಮ ಕೈಯಾಗ ಅದಾವ. ನಮಗ ಬೇಕು," ಎಂದಳು ಗಾಳೆವ್ವ. "ಗುಡ್ಡ ಹತ್ತಿದ್ದು ಸಾಕು. ಈ ಬಲೆ ಇನ್ನ ನಮ್ಮ ಹಿತ್ತಲ ಹೀರಿಬಳ್ಳಿ ಹಬ್ಬಾಕ. ಇಲ್ಲಿ ಇಡು."

ನಾಗಪ್ಪ ಚಾಚಿದ ತನ್ನ ಬರಿಗೈಯನ್ನೇ ನೋಡಿದ. ಆಮೇಲೆ ನನ್ನನ್ನು ಅವಳ ಮಡಿಲಿಗೆ ಇಳಿಸಿ, ಸೊಂಟದಲ್ಲಿದ್ದ ಚಾಕು ತೆಗೆದುಕೊಟ್ಟ.

ಅವಳು ನೈಲಾನ್ ದಾರವನ್ನು ಒಂದೊಂದಾಗಿ ಕತ್ತರಿಸಿದಳು. ಹುಲಿಗೆವ್ವ ಚೂರುಗಳನ್ನು ಆಯ್ದು ಉಡಿಗೆ ಹಾಕಿಕೊಂಡಳು. ಕೊನೆಯ ದಾರ ಬಿದ್ದಾಗ ಗಾಳೆವ್ವ ಮುಷ್ಟಿ ಬಿಗಿದು ನನ್ನ ಕಣ್ಣಿನೊಳಗೆ ತೂರಿಸಿದಳು. ಬಳೆಗಳು ಹಳೆಯ ಪುಂಡಿ ಗಂಟಿಗೆ ತಾಗಿ ಸಣ್ಣಗೆ ಸದ್ದು ಮಾಡಿದವು. ಕೈ ಬಳೆಸಮೇತ ಆಚೆ ದಾಟಿತು.

"ತೆರದೀನಿ, ಮಾವ," ಎಂದಳು.