ಅರವತ್ತೊಂದೂವರೆ

"ಹನ್ನೆರಡು ಕಿಲೋ ಅಂತ ಚೀಟಿ ಅಂಟಿಸಿದೀರಿ. ಇದು ಹನ್ನೆರಡೂವರೆ ಇದೆ," ಎಂದ ತಕ್ಕಡಿಯಣ್ಣ.

ಬಗಲಚೀಲದಲ್ಲಿ ತಂದಿದ್ದ ಸ್ಪ್ರಿಂಗ್ ತಕ್ಕಡಿಯನ್ನು ಅಂಗಡಿಯ ಕಬ್ಬಿಣದ ತೊಲೆಗೆ ನೇತುಹಾಕಿ, ಅದರ ಕೊಕ್ಕೆಗೆ ಬೂದು ಬಣ್ಣದ ಸೈಕಲ್ಲನ್ನು ಸಿಕ್ಕಿಸಿ, ಅದು ತೂಗಾಡುವುದು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನಿಂತಿದ್ದ.

"ಪೆಡಲ್ ಬಿಟ್ಟು ತೂಗ್ತಾರೆ ಅಣ್ಣ. ಕಂಪನಿಯವರೆಲ್ಲ ಹಾಗೇ," ಎಂದಳು ಅಂಗಡಿಯಾಕೆ.

"ಪೆಡಲ್ ಬಿಟ್ಟು ಓಡಿಸೋರು ಯಾರಮ್ಮ?"

ಬೆಂಚಿನ ಮೇಲೆ ಕೂತಿದ್ದ ಅವನ ಹೆಂಡತಿ ಟೇಪಕ್ಕನಿಗೆ ನಗು ಬಂತು. ಮೂವತ್ತು ವರ್ಷದಿಂದ ಅವಳು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಕೊರಳಲ್ಲಿ ಸದಾ ಅಳತೆ ಟೇಪು ಇರುವುದರಿಂದ ಆ ಹೆಸರು. ಅವನು ಅಂಗಡಿ, ಗೋದಾಮು, ಆಸ್ಪತ್ರೆಗಳ ತೂಕದ ಯಂತ್ರ ರಿಪೇರಿ ಮಾಡುತ್ತಾನೆ. 'ಆ ಮನೇಲಿ ಗಂಡ ತೂಗ್ತಾನೆ, ಹೆಂಡತಿ ಅಳೀತಾಳೆ, ಮಾತಿಗೆ ಮಾತ್ರ ಇಬ್ಬರಿಗೂ ಲೆಕ್ಕ ಇಲ್ಲ' ಎಂದು ಬೀದಿಯವರು ನಗುವುದುಂಟು.

ತಕ್ಕಡಿಯಣ್ಣನಿಗೆ ಹೊಟ್ಟೆಯ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ಅದಕ್ಕೆ ಮುಂಚೆ ಪ್ರತಿ ಭಾನುವಾರ ಬೆಳಗ್ಗೆ ಏಳು ಜನ ಗೆಳೆಯರ ಜೊತೆ ಗುಡ್ಡದ ಕಾಲುದಾರಿಯಲ್ಲಿ ಸೈಕಲ್ ಹೊಡೆಯುವುದು ಅವನ ಪಾಲಿಗೆ ಊಟ ಮಾಡಿದ ಹಾಗೆ. ನಡುವೆ ಬಂಡೆಗಳ ಒಂದು ಕೊರಕಲು ಇದೆ. ಅಲ್ಲಿ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಹತ್ತಬೇಕು. ಆಮೇಲೆ ಬೇರು, ಕಲ್ಲುಗಳ ಮೇಲೆ ನಾಲ್ಕು ಕಿಲೋಮೀಟರ್ ಇಳಿಜಾರು. ಇನ್ನು ಹೋಗಬಹುದು ಎಂದು ಡಾಕ್ಟರು ಹೋದ ವಾರ ಹೇಳಿದ್ದರು. ಆದರೆ ಹಳೆಯ ಗಡಸು ಸೈಕಲ್ ಬೇಡ, ಮುಂದೆ ಹಿಂದೆ ಎರಡೂ ಕಡೆ ಕುಲುಕಾಟ ತಡೆಯುವ ಶಾಕ್ ಇರುವಂಥದ್ದು ತಗೊಳ್ಳಿ ಎಂದಿದ್ದರು. ಅಂಥವು ಈ ಅಂಗಡಿಯಲ್ಲಿ ಎರಡೇ ಇದ್ದವು: ಈ ಬೂದು ಬಣ್ಣದ್ದು, ಮತ್ತೆ ಹದಿನೈದು ಕಿಲೋ ತೂಗುವ ಒಂದು ದಪ್ಪ ನೀಲಿ.

"ನನಗೆ ನೀಲಿದೇ ಸರಿ," ಎಂದ ತಕ್ಕಡಿಯಣ್ಣ. "ಎಪ್ಪತ್ನಾಲ್ಕು ಕಿಲೋ ಆಳು ಕೂರ್ಬೇಕು ಅಂದ್ರೆ ಗಟ್ಟಿಯಾಗಿರ್ಬೇಕು."

"ಬೂದಿದೇ ಇರ್ಲಿ ರೀ. ಹೆಗಲ ಮೇಲೆ ಹೊರೋದು ಬೇರೆ ಇದೆಯಲ್ಲ," ಎಂದಳು ಟೇಪಕ್ಕ.

"ಹೊರೋಕೆ ನನಗೇನಾಗಿದೆಯೇ?"

ಏನಾಗಿದೆ ಎಂದು ಗೊತ್ತಿದ್ದದ್ದು ಟೇಪಕ್ಕನೊಬ್ಬಳಿಗೇ. ಆಸ್ಪತ್ರೆಯಿಂದ ಬಂದ ಮೇಲೆ ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಅವನು ಮಧ್ಯಾಹ್ನ ಮಲಗಿದ್ದಾಗ ಅವಳು ಒಂದೂವರೆ ಇಂಚು ಹಿಡಿದು ಹೊಲಿದಿಟ್ಟಳು. ತಿಂಗಳು ಬಿಟ್ಟು ಇನ್ನೊಂದೂವರೆ, ಆಮೇಲೆ ಒಂದು. ಶರ್ಟುಗಳ ಭುಜವನ್ನೂ ಒಳಕ್ಕೆ ತಂದಳು. ಕೆನ್ನೆಯ ಕುಳಿಯನ್ನು ಗಡ್ಡ ಮುಚ್ಚಿತು. ಬಟ್ಟೆಯೆಲ್ಲ ಮೈಗೆ ಸರಿಯಾಗಿ ಕೂತಿರುವಾಗ ಅವನಿಗೆ ಅನುಮಾನ ಬರುವುದಾದರೂ ಎಲ್ಲಿಂದ? ಊರಿನ ತೂಕ ಸರಿಮಾಡುವ ಮನುಷ್ಯ ತಾನಾಗಿ ಎಂದೂ ಯಂತ್ರ ಹತ್ತಿದವನಲ್ಲ. ದೀಪದ ಬುಡದಲ್ಲೇ ಕತ್ತಲೆ. ಆಸ್ಪತ್ರೆಯಲ್ಲಿ ನರ್ಸು ಒಮ್ಮೆ ಬಲವಂತದಿಂದ ಹತ್ತಿಸಿ ನೋಡಿದಾಗ, "ನಿಮ್ಮ ಯಂತ್ರ ಕೆಟ್ಟಿದೆ, ನಾಳೆ ಬಂದು ನೋಡ್ತೀನಿ," ಎಂದು ಇಳಿದು ಬಂದಿದ್ದ.

ಅಂಗಡಿಯಾಕೆ ನೀಲಿ ಸೈಕಲ್ಲಿನ ಹಿಂದಿನ ಶಾಕಿಗೆ ಪುಟ್ಟ ಪಂಪು ಜೋಡಿಸಿ ಗಾಳಿ ತುಂಬಿದಳು. ಓಡಿಸುವವರ ತೂಕ ನೋಡಿಯೇ ಅದಕ್ಕೆ ಗಾಳಿ ಹಾಕುವುದು. ಶಾಕಿನ ಕೊಳವೆಯ ಮೇಲಿದ್ದ ರಬ್ಬರ್ ಉಂಗುರವನ್ನು ತುದಿಗೆ ಸರಿಸಿ, "ಗೋಡೆ ಹಿಡ್ಕೊಂಡು ಮೆಲ್ಲಗೆ ಕೂತು ಇಳೀರಿ ಅಣ್ಣ. ಉಂಗುರ ಕಾಲು ಭಾಗದ ಗೆರೆವರೆಗೆ ಸರೀಬೇಕು," ಎಂದಳು.

ಅವನು ಕೂತು ಇಳಿದ. ಉಂಗುರ ಒಂದು ಅಕ್ಕಿಕಾಳಿನಷ್ಟು ಸರಿದಿತ್ತು.

"ಎಪ್ಪತ್ನಾಲ್ಕಕ್ಕೆ ಅಂತಾನೇ ಹಾಕಿದೀನಿ. ಶಾಕು ಕೆಳಕ್ಕೆ ಕೂರ್ತಾನೇ ಇಲ್ಲವಲ್ಲ."

"ನಿಮ್ಮ ಪಂಪಿನ ಮುಳ್ಳು ಸುಳ್ಳು ಹೇಳ್ತಿದೆ."

ಆಕೆ ಇನ್ನೊಂದು ಪಂಪು ತಂದಳು. ಮುಳ್ಳು ಅದೇ ಗೆರೆಯ ಮೇಲೆ ನಿಂತಿತು. ಉಂಗುರವೂ ಹಟ ಬಿಡಲಿಲ್ಲ.

"ಬಿಡಮ್ಮ, ಹೊಸದು. ಓಡಿಸ್ತಾ ಓಡಿಸ್ತಾ ಮೆತ್ತಗಾಗುತ್ತೆ. ಬಿಲ್ ಮಾಡು."

"ಮೆತ್ತಗಾಗೋ ವಸ್ತುವಲ್ಲ ಅಣ್ಣ ಇದು. ತಪ್ಪು ತೂಕ ಹೇಳಿ ಇಳಿಜಾರಿಗೆ ಹೋದ್ರೆ, ಕಲ್ಲು ಸಿಕ್ಕ ಕಡೆಯೆಲ್ಲ ನಿಮ್ಮನ್ನ ಎತ್ತಿ ಒಗೆಯುತ್ತೆ."

"ತೂಕದ ವಿಷಯ ನನಗೆ ಹೇಳ್ಕೊಡ್ತೀಯಾ? ಬಿಲ್ ಮಾಡು."

ಆಕೆ ಪೆನ್ನು ಎತ್ತಿಕೊಂಡಳು. ಹೊಲಿಗೆ ಹಾಕಿಸಿಕೊಂಡ ಹೊಟ್ಟೆ, ಬಂಡೆ, ಇಳಿಜಾರು ಎಲ್ಲವೂ ಟೇಪಕ್ಕನ ಕಣ್ಣಮುಂದೆ ಒಟ್ಟಿಗೆ ಬಂದವು.

"ಮಾಡ್ಬೇಡಿ," ಎಂದಳು. "ಅವರು ಅರವತ್ತೆರಡು ಕಿಲೋ ಇದಾರೆ."

"ಯಾರು?" ಎಂದ ತಕ್ಕಡಿಯಣ್ಣ.

"ನೀವೇ."

"ನೀನು ಯಾವಾಗ ತೂಗ್ದೆ ನನ್ನ?"

"ತೂಗೋದು ನಿಮ್ಮ ಕಸುಬು. ನಾನು ಅಳತೆ ನೋಡಿ ಹೇಳ್ತಿದೀನಿ." ಅವಳು ಎದ್ದು ಬಂದು, ಅಂಗಡಿಯಾಕೆ ಅತ್ತ ಮುಖ ತಿರುಗಿಸುವ ಹಾಗೆ ಆಕೆಯತ್ತ ಒಮ್ಮೆ ನೋಡಿ, ಅವನ ಪ್ಯಾಂಟಿನ ಹಿಂಭಾಗದ ಪಟ್ಟಿಯನ್ನು ಹೊರಕ್ಕೆ ಮಡಚಿದಳು. ಒಳಗೆ ಬಟ್ಟೆ ಪದರಪದರವಾಗಿ ಮಡಚಿಕೊಂಡು ಕೂತಿತ್ತು. "ಮುಟ್ಟಿ ನೋಡ್ಕೊಳ್ಳಿ. ನಾಲ್ಕು ಇಂಚು. ಬಿಚ್ಚಿದ್ರೆ ಇನ್ನೊಬ್ಬ ಅರ್ಧ ಆಸಾಮಿ ಒಳಗೆ ಕೂರ್ತಾನೆ."

ಅವನು ಕೈ ಹಿಂದೆ ಒಯ್ದು ಮುಟ್ಟಿದ. ಮೂರು ಸಾಲು ಹೊಲಿಗೆಯ ಮೇಲೂ ಬೆರಳಾಡಿಸಿದ. ಆಮೇಲೆ ಪಾರ್ಸೆಲ್ ತೂಗುವ ಯಂತ್ರವಿದ್ದ ಮೂಲೆಗೆ ನಡೆದ. ಅದನ್ನು ಹೋದ ತಿಂಗಳಷ್ಟೇ ಅವನೇ ಬಿಚ್ಚಿ, ಸರಿಮಾಡಿ, ತನ್ನ ಕೈಯಾರೆ ಸೀಲು ಹಾಕಿ ಹೋಗಿದ್ದ. ಬಗಲಚೀಲ ಇಳಿಸಿ, ಶೂ ಬಿಚ್ಚಿ, ಜೇಬಿನಿಂದ ಫೋನು, ಬೀಗದ ಕೈ ತೆಗೆದು ಬದಿಗಿಟ್ಟ. ಯಂತ್ರ ಸೊನ್ನೆ ತೋರಿಸುತ್ತಿದೆಯೇ ಎಂದು ಬಗ್ಗಿ ನೋಡಿ, ಹತ್ತಿದ. ಇಳಿದ. ಮತ್ತೆ ಹತ್ತಿದ.

"ಅರವತ್ತೊಂದೂವರೆ," ಎಂದು ಓದಿದ. ಬಗ್ಗಿ ತನ್ನ ಸೀಲು ಮುಟ್ಟಿ ನೋಡಿ, "ಇದು ಸುಳ್ಳು ಹೇಳಲ್ಲ," ಎಂದ.

ಅಂಗಡಿಯಾಕೆಗೆ ಇದ್ದಕ್ಕಿದ್ದಂತೆ ಒಳಕೋಣೆಯಲ್ಲಿ ಏನೋ ಕೆಲಸ ನೆನಪಾಯಿತು.

"ಯಾಕೆ ಹೇಳ್ಲಿಲ್ಲ?"

"ನೀವು ಹೆದರ್ಕೋತೀರಿ ಅಂತ."

"ಹೆದರ್ಕೊಂಡಿದ್ದು ಯಾರು?"

ಟೇಪಕ್ಕ ಕೊರಳ ಟೇಪಿನ ಎರಡು ತುದಿ ಸಮ ಮಾಡಿದಳು. ಮತ್ತೆ ಸಮ ಮಾಡಿದಳು.

ಅವನು ಅಲ್ಲೇ ನೆಲದ ಮೇಲೆ ಕೂತು ಶೂ ಹಾಕಿಕೊಳ್ಳತೊಡಗಿದ. "ಎಂಟು ತಿಂಗಳು ಇಲ್ಲದೆ ಇರೋ ಹನ್ನೆರಡೂವರೆ ಕಿಲೋನ ಹೊತ್ಕೊಂಡು ಓಡಾಡಿದೀನಿ ಅನ್ನು," ಎಂದ ಲೇಸು ಬಿಗಿಯುತ್ತ. "ಸುಸ್ತಾಗದೆ ಇರುತ್ತಾ ಮತ್ತೆ?"

"ಈಗ ಇಳಿಸಿದ್ರಲ್ಲ," ಎಂದಳು ಟೇಪಕ್ಕ.

"ಭಾನುವಾರ ಆ ಕತ್ತೆಗಳು ನಗ್ತವೆ."

"ನಗ್ಲಿ. ಅವರ ಹೊಟ್ಟೆ ಅಳತೆ ನನ್ನ ಪುಸ್ತಕದಲ್ಲಿದೆ."

ಅವನು ಗಹಗಹಿಸಿ ನಕ್ಕ. ನಗುವಾಗ ಎಡಗೈ ಹೊಟ್ಟೆಯ ಗಾಯದ ಮೇಲೆ ಹೋಯಿತು. ಎದ್ದು, ಒಳಗಡೆಗೆ ಕೂಗಿದ. "ಅಮ್ಮಾ, ಬಾ ಈಚೆಗೆ, ಜಗಳ ಮುಗೀತು. ಆ ಬೂದಿದನ್ನ ಇಳಿಸು."

ಬೂದು ಸೈಕಲ್ಲಿಗೆ ಅಂಗಡಿಯಾಕೆ ಹೊಸದಾಗಿ ಗಾಳಿ ಹಾಕಿದಳು. ಶಾಕಿನ ಪಕ್ಕ ಬಿಳಿ ಟೇಪಿನ ತುಂಡು ಅಂಟಿಸಿ, ಓಡಿಸುವವರ ತೂಕ ಬರೆದಿಡುವುದು ಆಕೆಯ ಪದ್ಧತಿ. 62 ಎಂದು ಬರೆದಳು.

"ಅರವತ್ತೊಂದೂವರೆ," ಎಂದ ತಕ್ಕಡಿಯಣ್ಣ.

"ಅರ್ಧ ಕಿಲೋದಿಂದ ಏನೂ ಆಗಲ್ಲ ಅಣ್ಣ."

"ಪೆಡಲ್ಲಿಗೂ ಹೀಗೇ ಅಂದಿದ್ದು ನೀನು. ತಿದ್ದು."

ಆಕೆ ತಿದ್ದಿದಳು. ಅವನು ಕೂತು ಇಳಿದಾಗ ಉಂಗುರ ಕಾಲು ಭಾಗ ಸರಿದು ಗೆರೆಯ ಮೇಲೇ ನಿಂತಿತ್ತು. ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಹಿಂಬಾಗಿಲಿನ ಮೆಟ್ಟಿಲಿಳಿದ. ಎಲ್ಲೂ ನಿಂತು ಸುಧಾರಿಸಿಕೊಳ್ಳಲಿಲ್ಲ.

ಅಂಗಡಿಯ ಹಿಂದೆ ಹೆಗಲೆತ್ತರದ ಗೋಡೆ, ಗೋಡೆಯಾಚೆ ಓಣಿ. ಒಡೆದ ಕಾಂಕ್ರೀಟು, ಹೊಂಡ, ಇಟ್ಟಿಗೆ ಚೂರುಗಳ ಆ ಓಣಿಯಲ್ಲಿ ಕೈಗಾಡಿಯವರೂ ಬೈದುಕೊಂಡು ಹೋಗುತ್ತಾರೆ. ಅವನು ಸೈಕಲ್ ಹತ್ತಿ ಆ ಓಣಿಗೆ ಹೊರಳಿದ, ಟೇಪಕ್ಕ ಹಿಂಬಾಗಿಲಿನಲ್ಲಿ ನಿಂತಳು. ಗೋಡೆಯಾಚೆ ಚಕ್ರಗಳು ದಡದಡ ಎನ್ನುತ್ತಿದ್ದವು. ಕಲ್ಲೊಂದು ಸಿಡಿದು ಗೋಡೆಗೆ ಬಡಿದ ಸದ್ದಾಯಿತು. ಗೋಡೆಯ ಮೇಲಂಚಿನಲ್ಲಿ ಅವಳಿಗೆ ಅವನ ತಲೆಯಷ್ಟೇ ಕಾಣುತ್ತಿತ್ತು. ಅದು ಏಳದೆ ಬೀಳದೆ, ಗೆರೆ ಎಳೆದ ಹಾಗೆ, ಓಣಿಯ ಕೊನೆಯವರೆಗೂ ಒಂದೇ ಮಟ್ಟದಲ್ಲಿ ಹೋಯಿತು.